ಮುಳ್ಳು ಸುಳ್ಳಾಡಬಾರದು

ಹಳೆಯ ಕಾರಿನ ಪೆಟ್ರೋಲ್ ಮೀಟರ್ ಕೆಟ್ಟು ನಿಂತಿದ್ದರೆ ಓಡಿಸುವವನಿಗೆ ಅದು ಗೊತ್ತಿರುತ್ತದೆ. ಮುಳ್ಳು ಅಲ್ಲಾಡುವುದಿಲ್ಲ, ಆದ್ದರಿಂದ ಅವನು ಅದನ್ನು ನಂಬುವುದೂ ಇಲ್ಲ. ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡುತ್ತಾನೆ, ಓಡಿಸಿದ ದೂರದ ಲೆಕ್ಕ ಇಟ್ಟುಕೊಳ್ಳುತ್ತಾನೆ, ಬಂಕ್ ಕಂಡಲ್ಲಿ ಒಂದಿಷ್ಟು ಹಾಕಿಸಿಕೊಳ್ಳುತ್ತಾನೆ. ಹೊಸ ಮೀಟರ್ ಕೂರಿಸಿದ ಮೇಲೆ ಈ ಎಚ್ಚರ ಸಡಿಲವಾಗುತ್ತದೆ. ಗಾಜು ಹೊಳೆಯುತ್ತದೆ, ಕೀ ತಿರುಗಿಸಿದೊಡನೆ ಮುಳ್ಳು ಚುರುಕಾಗಿ ಏಳುತ್ತದೆ, ಅದು ತೋರಿಸಿದ್ದೇ ನಿಜವೆಂದು ಮನಸ್ಸು ಒಪ್ಪಿಬಿಡುತ್ತದೆ. ಆ ಮುಳ್ಳು ತಪ್ಪು ತೋರಿಸುತ್ತಿದ್ದರೆ ಮಾಲೀಕ ಹಣ ಕೊಟ್ಟು ಸುಳ್ಳನ್ನು ಮನೆಗೆ ತಂದಂತಾಯಿತು. ಪೆಟ್ರೋಲ್ ವಿಷಯದಲ್ಲಿ ಈ ಸುಳ್ಳಿನ ಬೆಲೆ ದಾರಿಯ ನಡುವೆ ನಿಲ್ಲುವುದು. ಹೀಟ್ ಮೀಟರ್ ಮತ್ತು ಆಯಿಲ್ ಮೀಟರ್ ವಿಷಯದಲ್ಲಿ ಇಡೀ ಎಂಜಿನ್. ಆದ್ದರಿಂದ ನನ್ನ ವಾದ ಇಷ್ಟು: ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮೀಟರ್ ಬದಲಿಸುವ ಕೆಲಸ ಮುಳ್ಳು ಎದ್ದ ಕ್ಷಣಕ್ಕೆ ಮುಗಿಯುವುದಿಲ್ಲ. ಅದು ತೋರಿಸಿದ್ದನ್ನು ಬೇರೆ ಅಳತೆಯಿಂದ ಪರೀಕ್ಷಿಸಿ, ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬರೆದಿಟ್ಟ ಮೇಲಷ್ಟೇ ಮುಗಿಯುತ್ತದೆ.

ಈ ಮಾತನ್ನು ಆಡಲು ದಾವಣಗೆರೆ ಮತ್ತು ಹರಿಹರಕ್ಕಿಂತ ತಕ್ಕ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ. ಪುಣೆ–ಬೆಂಗಳೂರು ದಾರಿಯ ಮೇಲೆ ಬೆಳೆದ ಊರುಗಳಿವು, ದಾವಣಗೆರೆಯ ಪಿ.ಬಿ. ರಸ್ತೆಯ ಹೆಸರಲ್ಲೇ ಆ ದಾರಿ ಉಳಿದುಕೊಂಡಿದೆ. ಹತ್ತಿ ಗಿರಣಿಗಳು ಮತ್ತು ಮಂಡಿ ವ್ಯಾಪಾರ ಲಾರಿಗಳನ್ನು ತಂದವು, ಲಾರಿಗಳು ಗ್ಯಾರೇಜುಗಳನ್ನು ತಂದವು, ಗ್ಯಾರೇಜುಗಳ ಪಕ್ಕದಲ್ಲಿ ಬ್ಯಾಟರಿ, ಡೈನಮೋ, ವೈರಿಂಗ್ ಕೆಲಸದವರು ನೆಲೆಯೂರಿದರು. ಸುಮಾರು 14 ಕಿ.ಮೀ. ಆಚೆ, ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪುಗಳನ್ನು ಸೇರಿದವು. ಒಂದೂರಿಗೆ ರಿಪೇರಿಯ ಕೈ, ಇನ್ನೊಂದೂರಿಗೆ ಅಳತೆಯ ಕಣ್ಣು. ಹಳೆಯ ಕಾರಿನ ಮೀಟರಿಗೆ ಈ ಎರಡೂ ಬೇಕು. ಕೈಚಳಕ ಮಾತ್ರ ಇದ್ದರೆ ಮುಳ್ಳು ಏಳುತ್ತದೆ. ಅಳತೆಯೂ ಜೊತೆಗಿದ್ದರೆ ಅದು ನಿಜ ಹೇಳುತ್ತದೆ.

ಮೀಟರ್ ಎಂದರೆ ನಮ್ಮ ಕಣ್ಣಿಗೆ ಕಾಣುವ ದುಂಡನೆಯ ಡಬ್ಬಿ. ಆದರೆ ಪೆಟ್ರೋಲ್ ಎಷ್ಟಿದೆ ಎಂದು ಆ ಡಬ್ಬಿಗೆ ಗೊತ್ತಿಲ್ಲ. ಗೊತ್ತಿರುವುದು ಟ್ಯಾಂಕಿನೊಳಗೆ ಕುಳಿತ ಟ್ಯಾಂಕ್ ಯೂನಿಟ್ಟಿಗೆ. ಅದರ ಫ್ಲೋಟ್ ಪೆಟ್ರೋಲಿನ ಮೇಲೆ ತೇಲುತ್ತ, ಏರಿಳಿಯುತ್ತ ಒಂದು ತಂತಿಸುರುಳಿಯ ಮೇಲೆ ಕೈ ಆಡಿಸುತ್ತದೆ. ಕೈ ಸರಿದಂತೆ ವಿದ್ಯುತ್ತಿಗೆ ಒಡ್ಡುವ ರೋಧ ಬದಲಾಗುತ್ತದೆ. ಡ್ಯಾಶ್‌ಬೋರ್ಡಿನ ಮೀಟರ್ ಈ ರೋಧವನ್ನು ಓದಿ ಮುಳ್ಳಿನ ಜಾಗವಾಗಿ ತೋರಿಸುತ್ತದೆ. ಹೀಟ್ ಮೀಟರಿನ ಕಥೆಯೂ ಹೀಗೆಯೇ: ಎಂಜಿನ್ನಿನ ನೀರಿನಲ್ಲಿ ಮುಳುಗಿದ ಸೆಂಡರ್ ಕಾದಂತೆ ಅದರ ರೋಧ ಕಡಿಮೆಯಾಗುತ್ತದೆ, ಮುಳ್ಳು ಬಿಸಿಯ ಕಡೆಗೆ ಸರಿಯುತ್ತದೆ. ಅಂದರೆ ಮೀಟರ್ ಎನ್ನುವುದು ಜೋಡಿ ವಸ್ತು. ಒಂದು ಅರ್ಧ ಮಾತಾಡುತ್ತದೆ, ಇನ್ನೊಂದು ಅರ್ಧ ಕೇಳಿಸಿಕೊಳ್ಳುತ್ತದೆ. ಎರಡಕ್ಕೂ ಒಂದೇ ಭಾಷೆ ಬರಬೇಕು. ಹಳೆಯ ಕಾರಿನಲ್ಲಿ ಆಗುವ ಬಹುಪಾಲು ತಪ್ಪು ಈ ಸರಳ ಸಂಗತಿಯನ್ನು ಮರೆತದ್ದರಿಂದ ಆಗುತ್ತದೆ: ಮುಂದಿನ ಡಬ್ಬಿಯನ್ನು ಬದಲಿಸಿ, ಹಿಂದಿನ ಯೂನಿಟ್ಟನ್ನು ಹಾಗೇ ಬಿಡುತ್ತೇವೆ.

ಲೆಕ್ಕ ಹಾಕಿ ನೋಡಿದರೆ ಈ ತಪ್ಪಿನ ಗಾತ್ರ ತಿಳಿಯುತ್ತದೆ. ಜಗತ್ತಿನ ಮೀಟರುಗಳಿಗೆಲ್ಲ ಒಂದೇ ಅಳತೆಯಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಬಗೆಯ ಪೆಟ್ರೋಲ್ ಮೀಟರ್, ಟ್ಯಾಂಕ್ ಖಾಲಿಯಿದ್ದಾಗ 240 ಓಮ್, ತುಂಬಿದಾಗ 33 ಓಮ್ ಬರಲಿ ಎಂದು ಕಾಯುತ್ತದೆ. ಅದರ ಅರ್ಧ ಟ್ಯಾಂಕಿನ ಗುರುತು ಸುಮಾರು 103 ಓಮ್. ಅಮೆರಿಕದ ಜನರಲ್ ಮೋಟಾರ್ಸ್ ಕಾರುಗಳ ರೂಢಿ ತಿರುವುಮುರುವು: ಖಾಲಿಗೆ 0, ತುಂಬಿದ್ದಕ್ಕೆ 90. ಯುರೋಪಿನ ವಿಡಿಒ ಮಾದರಿಯ ಯೂನಿಟ್ಟು ಖಾಲಿಗೆ 10, ತುಂಬಿದ್ದಕ್ಕೆ 180 ಕೊಡುತ್ತದೆ. ಈಗ 240–33ರ ಮೀಟರನ್ನು 0–90ರ ಟ್ಯಾಂಕ್ ಯೂನಿಟ್ಟಿಗೆ ಜೋಡಿಸಿದೆವು ಎನ್ನಿ. ಟ್ಯಾಂಕ್ ಪೂರ್ತಿ ತುಂಬಿದಾಗ 90 ಓಮ್ ಬರುತ್ತದೆ, ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಪೆಟ್ರೋಲ್ ಖರ್ಚಾದಂತೆ ಓಮ್ ಇಳಿಯುತ್ತದೆ, ಮುಳ್ಳು ಮೇಲೇರುತ್ತದೆ. ಟ್ಯಾಂಕ್ ಬರಿದಾಗಿ ಕಾರು ನಿಲ್ಲುವ ಹೊತ್ತಿಗೆ ಮುಳ್ಳು ‘ಪೂರ್ಣ’ದ ಗುರುತನ್ನೂ ದಾಟಿರುತ್ತದೆ. ವೈರು ಸರಿಯಾಗಿದೆ, ಫ್ಯೂಸ್ ಸರಿಯಾಗಿದೆ, ಮೀಟರ್ ಹೊಸದು, ಮುಳ್ಳು ನಯವಾಗಿ ಚಲಿಸುತ್ತಿದೆ. ಆದರೂ ಅದು ಹೇಳುವುದೆಲ್ಲ ತಲೆಕೆಳಗು. ಇಂಚಿನ ಥ್ರೆಡ್ಡಿನ ಬೋಲ್ಟಿಗೆ ಮಿಲಿಮೀಟರಿನ ನಟ್ ಏರಿಸುವವನನ್ನು ಹರಿಹರದ ಯಾವ ಟರ್ನರೂ ಒಪ್ಪುವುದಿಲ್ಲ. ಅಲ್ಲಿ ತಪ್ಪು ಕೈಗೆ ತಕ್ಷಣ ತಿಳಿಯುತ್ತದೆ, ನಟ್ ಬಿಗಿಯಾಗಿ ನಿಂತುಬಿಡುತ್ತದೆ. ವೈರಿನಲ್ಲಿ ಅಂಥ ತಡೆ ಇಲ್ಲ. ಹೊಂದದ ಜೋಡಿಯೂ ಸಲೀಸಾಗಿ ಕೂರುತ್ತದೆ. ಆದ್ದರಿಂದಲೇ ಅಲ್ಲಿ ಓಮ್ ಅಳೆಯುವ ಮಲ್ಟಿಮೀಟರ್ ಬೇಕು.

ಎರಡನೆಯ ತಪ್ಪು ವೋಲ್ಟಿನದು. 1960ರ ದಶಕದ ಮಧ್ಯದಿಂದ ಬ್ರಿಟಿಷ್ ಮೂಲದ ಅನೇಕ ಕಾರುಗಳಲ್ಲಿ ಬಂದ ಮೀಟರುಗಳು ಬಿಸಿಯಿಂದ ಕೆಲಸ ಮಾಡುತ್ತವೆ. ಒಳಗೆ ಎರಡು ಲೋಹ ಬೆಸೆದ ಪಟ್ಟಿಯ ಸುತ್ತ ಸಣ್ಣ ತಂತಿಸುರುಳಿ ಇರುತ್ತದೆ. ವಿದ್ಯುತ್ ಹರಿದು ಕಾದಂತೆ ಪಟ್ಟಿ ಬಾಗಿ ಮುಳ್ಳನ್ನು ಎಳೆಯುತ್ತದೆ. ಬ್ಯಾಟರಿಯ ವೋಲ್ಟ್ ಕಾರು ನಿಂತಾಗ 12.6ರ ಆಸುಪಾಸು, ಓಡುವಾಗ 14ರ ಆಸುಪಾಸು. ಇಷ್ಟು ಏರುಪೇರಿನಲ್ಲಿ ಇಂಥ ಮೀಟರ್ ನಿಜ ಹೇಳಲಾರದು. ಅದಕ್ಕೇ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ಸ್ಟೆಬಿಲೈಸರ್ ಇಟ್ಟು, ಮೀಟರುಗಳಿಗೆ ಸರಾಸರಿ 10 ವೋಲ್ಟ್ ಮಾತ್ರ ಸಿಗುವಂತೆ ಮಾಡಿದ್ದರು. ಬಿಚ್ಚಿ ಜೋಡಿಸುವಾಗ ಈ ಪೆಟ್ಟಿಗೆ ಏನೆಂದು ತಿಳಿಯದೆ ಪಕ್ಕಕ್ಕಿಟ್ಟು, ಇಗ್ನಿಷನ್ ಲೈನನ್ನು ನೇರ ಕೊಟ್ಟರೆ ಏನಾಗುತ್ತದೆ? 10 ವೋಲ್ಟಿನ ಜಾಗದಲ್ಲಿ 14 ಬಂದರೆ ಬಿಸಿ 1.4 ಪಟ್ಟು ಹೆಚ್ಚಿ ನಿಲ್ಲುವುದಿಲ್ಲ. ವೋಲ್ಟಿನ ವರ್ಗಕ್ಕೆ ತಕ್ಕಂತೆ ಏರಿ ಸುಮಾರು ಎರಡು ಪಟ್ಟಾಗುತ್ತದೆ. ಅರ್ಧ ಟ್ಯಾಂಕ್ ತುಂಬಿದ ಟ್ಯಾಂಕಿನಂತೆ ಕಾಣುತ್ತದೆ, ಹದವಾಗಿ ಕಾದ ಎಂಜಿನ್ ಕುದಿಯುತ್ತಿರುವಂತೆ ಕಾಣುತ್ತದೆ. ಸ್ಟೆಬಿಲೈಸರ್ ಇದ್ದೂ ಅದರ ಅರ್ಥ್ ತಪ್ಪಿದರೆ ಫಲ ಇದೇ. ಪೆಟ್ರೋಲ್ ಮತ್ತು ಹೀಟ್ ಮೀಟರುಗಳೆರಡೂ ಒಟ್ಟಿಗೇ ಹೆಚ್ಚು ತೋರಿಸತೊಡಗಿದರೆ ದೋಷ ಎರಡು ಮೀಟರುಗಳಲ್ಲಿ ಇರುವ ಸಂಭವ ಕಡಿಮೆ. ಎರಡಕ್ಕೂ ಸಮಾನವಾದ ಈ ಪೆಟ್ಟಿಗೆಯನ್ನು ಮೊದಲು ನೋಡಬೇಕು. ಇಷ್ಟು ಗೊತ್ತಿದ್ದರೆ ಎರಡು ಒಳ್ಳೆಯ ಹಳೆಯ ಮೀಟರುಗಳು ಗುಜರಿಗೆ ಹೋಗುವುದು ತಪ್ಪುತ್ತದೆ.

ಮೂರನೆಯದು ಅರ್ಥ್. ಗ್ಯಾರೇಜಿನ ಮಾತಿನಲ್ಲಿ ಬಾಡಿ ಅರ್ಥ್. ಕಾರಿನ ಕಬ್ಬಿಣದ ಮೈಯೇ ವಿದ್ಯುತ್ತು ಮರಳುವ ದಾರಿ. ಕಾರು ಹೊಸದಿದ್ದಾಗ ಆ ದಾರಿ ಚೊಕ್ಕವಾಗಿತ್ತು. ಐವತ್ತು ವರ್ಷಗಳಲ್ಲಿ ಅದರ ಮೇಲೆ ತುಕ್ಕು ಹಿಡಿದಿದೆ, ಎರಡು ಮೂರು ಸಲ ಪೇಂಟ್ ಬಿದ್ದಿದೆ, ತಗಡು ಕತ್ತರಿಸಿ ಬೆಸುಗೆ ಹಾಕಿದ್ದಾರೆ. ಹೊಸ ಪೇಂಟಿನ ಮೇಲೆ ಸ್ಕ್ರೂ ಬಿಗಿದು ಅರ್ಥ್ ಕೊಟ್ಟೆವೆಂದುಕೊಂಡರೆ ಅದು ಅರ್ಧಂಬರ್ಧ ಅರ್ಥ್. ಲೆಕ್ಕ ನೋಡಿ: ಡ್ಯಾಶ್‌ಬೋರ್ಡಿನ ನಾಲ್ಕು ಬಲ್ಬುಗಳು ತಲಾ 2.2 ವ್ಯಾಟಿನವಾದರೆ ಒಟ್ಟು ಸುಮಾರು 0.7 ಆಂಪಿಯರ್ ಎಳೆಯುತ್ತವೆ. ಅವೂ ಮೀಟರೂ ಹಂಚಿಕೊಂಡ ಅರ್ಥಿನಲ್ಲಿ ತುಕ್ಕಿನಿಂದ 2 ಓಮ್ ರೋಧ ಹುಟ್ಟಿದ್ದರೆ ಸುಮಾರು ಒಂದೂವರೆ ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಹಗಲಲ್ಲಿ ಒಂದು ತೋರಿಸುವ ಮುಳ್ಳು ರಾತ್ರಿ ಲೈಟ್ ಹಾಕಿದೊಡನೆ ಇನ್ನೊಂದು ತೋರಿಸುವುದು ಇದರಿಂದಲೇ. ಹೀಟ್ ಸೆಂಡರಿನ ವಿಷಯದಲ್ಲಿ ತಪ್ಪು ಇನ್ನೂ ಅಪಾಯದ್ದು. ನೀರು ಸೋರದಿರಲಿ ಎಂದು ಅದರ ಥ್ರೆಡ್ಡಿಗೆ ಬಿಳಿ ಟೇಪನ್ನು ದಪ್ಪಗೆ ಸುತ್ತಿದರೆ ಸೆಂಡರಿಗೂ ಎಂಜಿನ್ನಿಗೂ ನಡುವಿನ ಸಂಪರ್ಕ ಕೆಡುತ್ತದೆ, ರೋಧ ಹೆಚ್ಚುತ್ತದೆ. ಹೆಚ್ಚಿದ ರೋಧವನ್ನು ಮೀಟರ್ ‘ಎಂಜಿನ್ ತಣ್ಣಗಿದೆ’ ಎಂದೇ ಓದುತ್ತದೆ. ಬೇಸಿಗೆಯ ಮಧ್ಯಾಹ್ನ ಬಯಲುಸೀಮೆಯ ಹೆದ್ದಾರಿಯಲ್ಲಿ ರೇಡಿಯೇಟರ್ ಕುದಿಯುತ್ತಿರುವಾಗಲೂ ಆ ಮುಳ್ಳು ನೆಮ್ಮದಿಯಾಗಿ ಮಧ್ಯದಲ್ಲಿ ಕೂತಿರುತ್ತದೆ. ಪರಿಹಾರ ಕಷ್ಟದ್ದಲ್ಲ. ಪ್ರತಿ ಮೀಟರಿಗೂ ಟ್ಯಾಂಕ್ ಯೂನಿಟ್ಟಿಗೂ ಪ್ರತ್ಯೇಕ ಕಪ್ಪು ವೈರು ಎಳೆದು, ಪೇಂಟ್ ಕೆರೆದ ಹೊಳಪು ಲೋಹಕ್ಕೆ ಬಿಗಿದು, ಎಂಜಿನ್ ಮತ್ತು ಬಾಡಿಯ ನಡುವಿನ ಅರ್ಥ್ ಪಟ್ಟಿಯನ್ನು ಹೊಸದು ಮಾಡಿದರೆ ಸಾಕು.

ನಾಲ್ಕನೆಯದು ಆಂಪ್ ಮೀಟರ್. ಇಲ್ಲಿ ಪ್ರಶ್ನೆ ಸುಳ್ಳುನಿಜವನ್ನು ದಾಟಿ ಬೆಂಕಿಯವರೆಗೆ ಹೋಗುತ್ತದೆ. ಬೇರೆ ಮೀಟರುಗಳ ಮೂಲಕ ಹರಿಯುವುದು ಅತಿ ಸಣ್ಣ ಪ್ರವಾಹ. ಹಳೆಯ ಆಂಪ್ ಮೀಟರಿನ ಮೂಲಕ ಸ್ಟಾರ್ಟರ್ ಬಿಟ್ಟು ಕಾರಿನ ಹೆಚ್ಚುಕಡಿಮೆ ಎಲ್ಲ ವಿದ್ಯುತ್ತೂ ಹಾದುಹೋಗುತ್ತದೆ, ಅದೂ ಬಹುಮಟ್ಟಿಗೆ ಫ್ಯೂಸ್ ಇಲ್ಲದ ದಪ್ಪ ವೈರುಗಳಲ್ಲಿ. ಲೂಕಾಸ್ ಸಿ40 ಡೈನಮೋ ಕೊಡುತ್ತಿದ್ದದ್ದು 22 ಆಂಪಿಯರ್. 30–0–30 ಮೀಟರ್ ಅದಕ್ಕೆ ಧಾರಾಳವಾಗಿ ಸಾಕಿತ್ತು. ಈಗ ಹಲವರು ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುತ್ತಾರೆ. ಅದು ಮೀಟರಿನ ಮಿತಿಗಿಂತ ಹೆಚ್ಚು ಕೊಡಬಲ್ಲದು. ಹಳೆಯ ಮೀಟರೂ ಹಳೆಯ ವೈರೂ ಬಿಸಿಯಾಗುತ್ತವೆ. ಮೀಟರಿನ ಹಿಂದಿನ ಹಿತ್ತಾಳೆ ಬೋಲ್ಟು ಸಡಿಲವಾಗಿ ತಗಡಿಗೆ ತಾಗಿದರಂತೂ ಬ್ಯಾಟರಿಯ ಪೂರ್ಣ ಬಲ ಆ ವೈರಿನಲ್ಲಿ ಹರಿದು ಕೆಲವೇ ಕ್ಷಣಗಳಲ್ಲಿ ಇನ್ಸುಲೇಷನ್ ಕರಗುತ್ತದೆ. ಆದ್ದರಿಂದ ಆಲ್ಟರ್ನೇಟರ್ ಹಾಕಿದ ಕಾರಿನಲ್ಲಿ ಆಂಪ್ ಮೀಟರನ್ನು ಈ ದಾರಿಯಿಂದ ತಪ್ಪಿಸಿ, ಸಣ್ಣ ಫ್ಯೂಸಿನ ಮೂಲಕ ವೋಲ್ಟ್ ಮೀಟರ್ ಕೊಡುವುದೇ ಸರಿ. ಓಡುವಾಗ 13.8ರಿಂದ 14.4ರ ನಡುವೆ ನಿಂತ ಮುಳ್ಳು ಚಾರ್ಜಿಂಗಿನ ಆರೋಗ್ಯವನ್ನು ಸಾಕಷ್ಟು ಚೆನ್ನಾಗಿ ಹೇಳುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಗೌರವಕ್ಕೆ ಅರ್ಹವಾದದ್ದು. ಹಳೆಯ ಕಾರಿನ ಮೌಲ್ಯವೇ ಅದರ ಮೂಲ ರೂಪ. ಆಂಪ್ ಮೀಟರಿನ ಜಾಗಕ್ಕೆ ವೋಲ್ಟ್ ಮೀಟರ್, ಕಾರ್ಖಾನೆಯಲ್ಲಿ ಇರದಿದ್ದ ಫ್ಯೂಸ್, ಹೊಸ ಕಪ್ಪು ವೈರು ಇವೆಲ್ಲ ಸೇರಿದರೆ ಅದು ಹಳೆಯ ಕಾರಾಗಿ ಉಳಿಯಿತೇ ಎಂದು ಕೇಳುವವರಿದ್ದಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಂಡವರಿಗೆ ಈ ಕಾಳಜಿ ಅರ್ಥವಾಗುತ್ತದೆ. ಆದರೆ ಮೂಲ ರೂಪವನ್ನು ಕಾಯಲು ಹೊರಟ ನಿಯಮಗಳೇ ಏನು ಹೇಳುತ್ತವೆ ನೋಡೋಣ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ಮೀರಿದ, ಮೂಲ ರೂಪದಲ್ಲಿರುವ, ಚಾಸಿ, ಬಾಡಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಅವಧಿ. ಆ ನಿಯಮದ ಕಣ್ಣು ಇರುವುದು ಚಾಸಿ, ಬಾಡಿ, ಎಂಜಿನ್ನಿನ ಮೇಲೆ. ಸುರಕ್ಷತೆಗಾಗಿ ಹಾಕಿದ ಒಂದು ಫ್ಯೂಸನ್ನು ಅದು ಅಪರಾಧವೆಂದು ಕಾಣುವುದಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ರೂಪಿಸಿದ ಟ್ಯುರಿನ್ ಸನ್ನದು ಸ್ಮಾರಕಗಳ ಸಂರಕ್ಷಣೆಯ 1964ರ ವೆನಿಸ್ ಸನ್ನದಿನಿಂದ ಪ್ರೇರಣೆ ಪಡೆದದ್ದು. ಅದರ ತಿರುಳು ಎರಡು ಮಾತಿನಲ್ಲಿದೆ: ಮಾಡಿದ ಬದಲಾವಣೆಯನ್ನು ಮುಂದೆ ಹಿಂದಕ್ಕೆ ತಿರುಗಿಸಲು ಬರುವಂತಿರಲಿ, ಮಾಡಿದ್ದು ದಾಖಲಾಗಿರಲಿ. ಮೂಲ ವೈರನ್ನು ಕತ್ತರಿಸದೆ ಪಕ್ಕದಲ್ಲಿ ಹೊಸ ವೈರು ಎಳೆಯುವುದು, ಹಳೆಯ ಮೀಟರನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡುವುದು, ಹೊಸ ತೂತು ಕೊರೆಯದೆ ಇದ್ದ ತೂತಿನಲ್ಲೇ ಕೂರಿಸುವುದು ಸಾಧ್ಯವಿರುವಾಗ ಮೂಲ ರೂಪಕ್ಕೂ ಸುರಕ್ಷತೆಗೂ ಜಗಳವಿಲ್ಲ. ಮೂಲ ರೂಪವನ್ನು ನಿಜಕ್ಕೂ ಕೆಡಿಸುವುದು ಯಾರಿಗೂ ತಿಳಿಯದಂತೆ ಕತ್ತರಿಸಿ, ಟೇಪ್ ಸುತ್ತಿ, ಮರೆಯಲ್ಲಿ ತಳ್ಳಿದ ವೈರು.

ಎರಡನೆಯ ಆಕ್ಷೇಪ ಕೆಲಸಗಾರರ ಕಡೆಯಿಂದ ಬರುತ್ತದೆ. ನಕ್ಷೆ ಬರೆಯುವುದು ಕಾಲೇಜಿನವರ ಕೆಲಸ, ಇಪ್ಪತ್ತು ಮೂವತ್ತು ವರ್ಷ ವೈರು ಹಿಡಿದ ಕೈಗೆ ಎಲ್ಲವೂ ಗೊತ್ತಿರುತ್ತದೆ ಎಂಬ ಮಾತು. ಆ ಕೈಗಳ ತಿಳಿವನ್ನು ಅಲ್ಲಗಳೆಯುವುದು ಅನ್ಯಾಯ. ಟೆಸ್ಟ್ ಲ್ಯಾಂಪ್ ಒಂದನ್ನೇ ಹಿಡಿದು, ನಕ್ಷೆಯೇ ಇಲ್ಲದ ಲಾರಿಯಲ್ಲಿ ದೋಷ ಹುಡುಕುವ ಜಾಣ್ಮೆ ಯಾವ ಪುಸ್ತಕದಲ್ಲೂ ಪೂರ್ತಿ ಸಿಗುವುದಿಲ್ಲ. ಆದರೆ ಆ ಜಾಣ್ಮೆ ಓದುವ ವೈರಿಗೂ ಒಂದು ಭಾಷೆ ಇದೆ. ಬ್ರಿಟಿಷ್ ಮೂಲದ ಕಾರುಗಳಲ್ಲಿ ಲೂಕಾಸ್ ಬಣ್ಣದ ಕ್ರಮವಿತ್ತು: ಕಂದು ವೈರಿನಲ್ಲಿ ಬ್ಯಾಟರಿಯಿಂದ ಸದಾ ಬರುವ ಕರೆಂಟ್, ಬಿಳಿಯಲ್ಲಿ ಇಗ್ನಿಷನ್ ತಿರುಗಿಸಿದಾಗ ಬರುವುದು, ಹಸಿರಿನಲ್ಲಿ ಇಗ್ನಿಷನ್ನಿನ ನಂತರ ಫ್ಯೂಸ್ ದಾಟಿ ಬರುವುದು, ಕಪ್ಪಿನಲ್ಲಿ ಅರ್ಥ್, ಹಸಿರಿನ ಮೇಲೆ ಕಪ್ಪು ಗೆರೆ ಇದ್ದರೆ ಟ್ಯಾಂಕ್ ಯೂನಿಟ್ಟಿನದು, ನೀಲಿ ಗೆರೆ ಇದ್ದರೆ ಹೀಟ್ ಮೀಟರಿನದು. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ಹುಟ್ಟಿದ ಅಂಬಾಸಿಡರ್ ಬ್ರಿಟಿಷ್ ಬಳಗದ್ದು. ಫಿಯೆಟ್ 1100ರಿಂದ ಬಂದ ಪ್ರೀಮಿಯರ್ ಪದ್ಮಿನಿ ಇಟಲಿಯ ಬಳಗದ್ದು, ಅದರ ಬಣ್ಣಗಳ ಲೆಕ್ಕವೇ ಬೇರೆ. ಒಂದು ರಿಪೇರಿಯಲ್ಲಿ ಕೈಗೆ ಸಿಕ್ಕ ಕೆಂಪು ವೈರು, ಮುಂದಿನದರಲ್ಲಿ ಸಿಕ್ಕ ಹಳದಿ ವೈರು ಸೇರಿಸುತ್ತ ಹೋದರೆ ಭಾಷೆಯೇ ಅಳಿಸಿಹೋಗುತ್ತದೆ. ಆಮೇಲೆ ಅದನ್ನು ಓದಬಲ್ಲವನು ಕೊನೆಯದಾಗಿ ಕೈಯಿಟ್ಟವನೊಬ್ಬನೇ. ಅವನು ಊರು ಬಿಟ್ಟರೆ, ಕಸುಬು ಬಿಟ್ಟರೆ ಆ ಕಾರು ಮೂಕವಾಗುತ್ತದೆ.

ಕಸುಬು ಹೀಗೆ ಕೈಬಿಟ್ಟುಹೋಗುವುದು ಎಂದರೇನು ಎಂದು ಹರಿಹರಕ್ಕೆ ಹೇಳಿಕೊಡಬೇಕಾಗಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ಮೈಸೂರು ಕಿರ್ಲೋಸ್ಕರ್ 2000ದ ದಶಕದ ಆರಂಭದಲ್ಲಿ ಬಾಗಿಲು ಮುಚ್ಚಿದಾಗ ಕೆಲಸದ ಜೊತೆಗೆ ಒಂದು ತಲೆಮಾರಿನ ಕೌಶಲವೂ ಚದುರಿತು. ಆದರೆ ಹರಿಹರದ ಹಳೆಯ ಲೇತ್ ಒಂದು ಇವತ್ತು ಯಾವ ಊರಿನಲ್ಲಿದ್ದರೂ ಅದನ್ನು ಅಳೆದು, ಸರಿಮಾಡಿ, ಮತ್ತೆ ಓಡಿಸಬಹುದು. ಯಂತ್ರೋಪಕರಣ ಉದ್ಯಮದ ಒಂದು ಒಳ್ಳೆಯ ರೂಢಿ ಅದಕ್ಕೆ ನೆರವಾಗುತ್ತದೆ: ಕಾರ್ಖಾನೆಯಿಂದ ಹೊರಡುವ ಲೇತಿನ ಜೊತೆ ಅದರ ನಿಖರತೆಯ ಪರೀಕ್ಷಾ ಪಟ್ಟಿ ಇರುತ್ತದೆ. ಸ್ಪಿಂಡಲ್ ಎಷ್ಟು ಓಲಾಡುತ್ತದೆ, ಬೆಡ್ ಎಷ್ಟು ನೇರವಾಗಿದೆ ಎಂದು ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಬರೆದಿರುತ್ತಾರೆ. ಯಂತ್ರ ಚೆನ್ನಾಗಿದೆ ಎಂಬ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ, ಬರೆದ ಅಂಕಿಗೆ ಬೆಲೆ. ಹಳೆಯ ಕಾರಿನ ಮೀಟರಿಗೂ ಇಂಥದೇ ಪಟ್ಟಿ ಬೇಕೆಂದು ನಾನು ಹೇಳುತ್ತಿರುವುದು. ಅದಕ್ಕೆ ದುಬಾರಿ ಸಲಕರಣೆ ಬೇಡ. ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಅಳೆದು ಹಾಕುತ್ತ ಪ್ರತಿ ಸಲ ಮುಳ್ಳು ನಿಂತ ಜಾಗ ಬರೆದುಕೊಂಡರೆ ಪೆಟ್ರೋಲ್ ಮೀಟರಿನ ಪಟ್ಟಿ ಸಿದ್ಧ. ಹೀಟ್ ಸೆಂಡರನ್ನು ಬಿಚ್ಚಿ ವೈರಿನ ಸಮೇತ ಕುದಿಯುವ ನೀರಿನಲ್ಲಿಟ್ಟು, ಅದರ ಲೋಹದ ಮೈಗೆ ಅರ್ಥ್ ಕೊಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದರೆ ಮುಳ್ಳಿನ ಮಾತು ನಿಜವೋ ಸುಳ್ಳೋ ತಿಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಸ್ಪೀಡೋಮೀಟರಿಗೆ ದಾವಣಗೆರೆ–ಹರಿಹರದ ರಸ್ತೆಯ ಕಿಲೋಮೀಟರ್ ಕಲ್ಲುಗಳೇ ಸಾಕು: ಮುಳ್ಳನ್ನು 60ರಲ್ಲಿ ನಿಲ್ಲಿಸಿ ಓಡಿಸಿದರೆ ಕಲ್ಲಿನಿಂದ ಕಲ್ಲಿಗೆ 60 ಸೆಕೆಂಡು ಹಿಡಿಯಬೇಕು, ಪಕ್ಕದಲ್ಲಿ ಕುಳಿತವರು ಗಡಿಯಾರ ನೋಡಬೇಕು. ಈ ಅಂಕಿಗಳನ್ನೂ ವೈರಿನ ನಕ್ಷೆಯನ್ನೂ ಒಂದೇ ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಾರಿನಲ್ಲೇ ಇಡಬಹುದು.

ಮೂರನೆಯ ಆಕ್ಷೇಪ ಖರ್ಚಿನದು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿ ಅದಕ್ಕೂ ಮೊದಲೇ ಹೋಯಿತು. ಮೂಲ ಮೀಟರ್ ಹುಡುಕುವುದು ಕಷ್ಟ, ಯಾವುದೋ ಅಗ್ಗದ ಮೀಟರ್ ಸುಲಭ, ಅದಕ್ಕೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ ಎಂಬುದು. ಅಗ್ಗದ ಮೀಟರಿಗೆ ನನ್ನ ವಿರೋಧವಿಲ್ಲ. ಅದರದೇ ಸೆಂಡರ್ ಜೊತೆಗಿದ್ದು, ಸರಿಯಾದ ಅರ್ಥ್ ಮತ್ತು ಫ್ಯೂಸ್ ಸಿಕ್ಕರೆ ಅಗ್ಗದ ಮೀಟರೂ ನಿಜ ಹೇಳುತ್ತದೆ. ಸೆಂಡರ್ ಹೊಂದದಿದ್ದರೆ ದುಬಾರಿಯದೂ ಸುಳ್ಳು ಹೇಳುತ್ತದೆ. ಹಳೆಯ ಮೀಟರ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಟ್ಯಾಂಕ್ ಯೂನಿಟ್ಟಿನ ಓಮ್, ಅರ್ಥ್ ಮತ್ತು ಸ್ಟೆಬಿಲೈಸರ್ ಈ ಮೂರನ್ನು ನೋಡಿದರೆ ಹಲವು ಸಲ ಹೊಸದನ್ನು ಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಅಂದರೆ ಪರೀಕ್ಷೆ ಖರ್ಚನ್ನು ಇಳಿಸುತ್ತದೆ. ಪರೀಕ್ಷೆಯಲ್ಲೂ ಆತುರ ಸಲ್ಲದು: ಬ್ಯಾಟರಿಯ ವೈರನ್ನು ನೇರವಾಗಿ ಟ್ಯಾಂಕ್ ಯೂನಿಟ್ಟಿಗೆ ತಾಗಿಸಿದರೆ ಅದರ ಸಣ್ಣ ತಂತಿ ಸುಟ್ಟುಹೋಗುತ್ತದೆ, ಪೆಟ್ರೋಲಿನ ಆವಿಯ ಪಕ್ಕದಲ್ಲಿ ಕಿಡಿ ಹಾರುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿಡಬೇಕು. 1960ರ ದಶಕದ ಮಧ್ಯದವರೆಗಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಬಾಡಿ ಅರ್ಥಿಗೆ ಕೊಟ್ಟಿದ್ದದ್ದು ಬ್ಯಾಟರಿಯ ಪಾಸಿಟಿವ್ ತುದಿ. ಇದನ್ನು ನೋಡದೆ ಇಂದಿನ ಎಲೆಕ್ಟ್ರಾನಿಕ್ ಮೀಟರ್ ಕೊಟ್ಟರೆ ಮೊದಲ ಸಲ ಕೀ ತಿರುಗಿಸಿದಾಗಲೇ ಅದು ಸುಡಬಹುದು. ಇವೆಲ್ಲ ತಿಳಿದುಕೊಳ್ಳಲು ಬೇಕಾಗುವುದು ಅರ್ಧ ದಿನದ ತಾಳ್ಮೆ. ಎಂಜಿನ್ ಸೀಜ್ ಆದಮೇಲೆ ಬೇಕಾಗುವುದು ಮೀಟರಿನ ಬೆಲೆಯ ಎಷ್ಟೋ ಪಟ್ಟು ಹಣ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು. ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು ಸರ್ಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. ಹಳೆಯ ವಾಹನ ಹೊಗೆ ಉಗುಳುತ್ತದೆ, ರಸ್ತೆಗೆ ಭಾರ, ಅದರ ಮೀಟರಿನ ಬಗ್ಗೆ ಚಿಂತಿಸುವ ಬದಲು ಗುಜರಿಗೆ ಹಾಕುವುದೇ ಲೇಸು ಎನ್ನುವವರಿದ್ದಾರೆ. ದಿನವೂ ಬಾಡಿಗೆಗೆ ಓಡುವ, ಹೊಗೆ ಕಾರುವ ವಾಹನದ ಬಗ್ಗೆ ಈ ಮಾತು ಸರಿಯಿರಬಹುದು. ಆದರೆ ಮನೆತನದ ನೆನಪಾಗಿ, ಒಂದು ಕಾಲದ ಎಂಜಿನಿಯರಿಂಗಿನ ಸಾಕ್ಷಿಯಾಗಿ ಜತನದಿಂದ ಇಟ್ಟುಕೊಂಡು ಅಪರೂಪಕ್ಕೆ ರಸ್ತೆಗಿಳಿಸುವ ಕಾರಿನ ಪ್ರಶ್ನೆ ಬೇರೆ; 2021ರ ನಿಯಮವೂ ಈ ವ್ಯತ್ಯಾಸವನ್ನು ಒಪ್ಪಿಕೊಂಡು, ವಿಂಟೇಜ್ ವಾಹನವನ್ನು ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಿಗೆ ಮಾತ್ರ ರಸ್ತೆಗೆ ಬಿಡುತ್ತದೆ. ಹಾಗೆ ಅಪರೂಪಕ್ಕೆ ಓಡುವ ಕಾರಿಗೇ ಮೀಟರುಗಳ ನಿಜ ಹೆಚ್ಚು ಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ವೈರನ್ನು ಇಲಿ ಕಡಿದಿರಬಹುದು, ಹೋಸ್ ಪೈಪ್ ಬಿರುಕು ಬಿಟ್ಟಿರಬಹುದು, ಟರ್ಮಿನಲ್ ಹಸಿರುಗಟ್ಟಿರಬಹುದು. ದಿನವೂ ಓಡಿಸುವವನಿಗೆ ಕಾರಿನ ಸದ್ದೇ ಅರ್ಧ ವಿಷಯ ಹೇಳುತ್ತದೆ. ವರ್ಷಕ್ಕೆ ನಾಲ್ಕು ಸಲ ಓಡಿಸುವವನಿಗೆ ಆ ಕಿವಿ ಇರುವುದಿಲ್ಲ, ಅವನು ನೆಚ್ಚಿಕೊಳ್ಳಬೇಕಾದದ್ದು ಡ್ಯಾಶ್‌ಬೋರ್ಡನ್ನೇ.

ಆದ್ದರಿಂದ ಹಳೆಯ ಕಾರು ಇಟ್ಟುಕೊಂಡವರಲ್ಲಿ ನನ್ನ ವಿನಂತಿ: ಮೀಟರ್ ಬದಲಿಸಲು ಕೊಟ್ಟಾಗ ‘ಮುಳ್ಳು ಏಳುತ್ತದೆಯೇ’ ಎಂದು ಕೇಳಿ ಸುಮ್ಮನಾಗಬೇಡಿ, ‘ಅಳೆದು ನೋಡಿದಿರಾ, ಬರೆದಿದ್ದೀರಾ’ ಎಂದು ಕೇಳಿ, ಆ ಅರ್ಧ ದಿನದ ಕೆಲಸಕ್ಕೆ ಪ್ರತ್ಯೇಕ ಕೂಲಿ ಕೊಡಿ. ವೈರಿಂಗ್ ಕೆಲಸದವರಲ್ಲಿ ವಿನಂತಿ: ನಿಮ್ಮ ಕೈಯ ತಿಳಿವಳಿಕೆಯನ್ನು ಒಂದು ಹಾಳೆಗೆ ಇಳಿಸಿ, ಕೆಳಗೆ ದಿನಾಂಕ ಹಾಕಿ ಹೆಸರು ಬರೆಯಿರಿ, ಅದು ನಿಮ್ಮ ಕಸುಬಿನ ಗೌರವವನ್ನು ಹೆಚ್ಚಿಸುತ್ತದೆ. ದಾವಣಗೆರೆಯಲ್ಲಿ 1951ರಿಂದ ನಡೆದುಬಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿದೆ, 1979ರಲ್ಲಿ ಆರಂಭವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಮಲ್ಟಿಮೀಟರ್ ಮತ್ತು ನೋಟ್‌ಬುಕ್ ಹಿಡಿದು ಪಿ.ಬಿ. ರಸ್ತೆಯ ಹಿರಿಯ ಎಲೆಕ್ಟ್ರಿಷಿಯನ್ನರ ಪಕ್ಕದಲ್ಲಿ ಕೆಲವು ದಿನ ಕುಳಿತು, ಅಂಬಾಸಿಡರ್, ಪದ್ಮಿನಿ, ಜೀಪುಗಳ ಮೀಟರ್ ವೈರಿಂಗಿನ ನಕ್ಷೆಗಳನ್ನು ಕನ್ನಡದಲ್ಲೇ ಬರೆದರೆ ಅದು ಎರಡೂ ಕಡೆಯವರಿಗೆ ಪಾಠವಾಗುತ್ತದೆ. ಆ ಹಿರಿಯರು ಕಸುಬಿನಲ್ಲಿ ಇರುವಾಗಲೇ ಇದು ಆಗಬೇಕು.